ಬೆಳಗ್ಗೆ ರಸ್ತೆ ಖಾಲಿ, ಆದ್ರೂ ಎಕ್ಯೂಐ ಏರಿರತ್ತೆ: ಬೆಂಗಳೂರಿನ ಗಾಳಿ ಕೆಡಿಸ್ತಿರೋದು ಧೂಳಾ, ಹೊಗೆಯಾ?

#1 ಮಡಿವಾಳ_ಮಹಡಿ · ಸೋಮವಾರ, ಬೆ. 7:05

ಬೆಳಗ್ಗೆ 6ಕ್ಕೆ ಆ್ಯಪ್‌ನಲ್ಲಿ ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ, ಜಾಸ್ತಿ ಆದಷ್ಟೂ ಗಾಳಿ ಕೆಟ್ಟಿದೆ ಅಂತ) 150ರ ಆಸುಪಾಸು, ಮಧ್ಯಾಹ್ನ 3ಕ್ಕೆ 60. ಚಳಿ ಬಿದ್ದಾಗಿನಿಂದ ದಿನಾ ಇದೇ ಕಥೆ. ಗಾಡಿಗಳಿಲ್ಲದ ಹೊತ್ತಲ್ಲಿ ಜಾಸ್ತಿ, ಗಾಡಿಗಳು ಗಿಜಿಗುಟ್ಟೋ ಹೊತ್ತಲ್ಲಿ ಕಮ್ಮಿ. ಹಾಗಿದ್ರೆ ಎಲ್ಲದಕ್ಕೂ ಗಾಡಿಗಳ ಮೇಲೆ ಗೂಬೆ ಕೂರಿಸೋದು ಸರೀನಾ?

ಎರಡನೇದು, ಒಂದೇ ಜಾಗಕ್ಕೆ ಒಂದು ಆ್ಯಪ್ 75 ಅನ್ನತ್ತೆ, ಇನ್ನೊಂದು 124. ಯಾವುದನ್ನ ನಂಬೋದು?

ಮೂರನೇದು, ಭಾನುವಾರ ಬಡಾವಣೆ ಸಂಘದ ಸಭೆ ಇದೆ. ರಸ್ತೆಗೆ ನೀರು ಹೊಡೆಸೋಣ ಅಂತ ಒಬ್ಬರು, ಗಿಡ ನೆಡೋಣ ಅಂತ ಇನ್ನೊಬ್ಬರು, ದೆಹಲಿ ಥರ ಗಾಳಿ ಸೋಸೋ ಟವರ್ ಕೇಳೋಣ ಅಂತ ಮತ್ತೊಬ್ಬರು. ಒಂದು ಬಡಾವಣೆ ಕೈಲಿ ಆಗೋದು ಏನು? ಗೊತ್ತಿರೋರು ಅಂಕಿ ಸಮೇತ ಹೇಳಿ.

#2 ಮಾಪಕ · ಬೆ. 7:40

ಮೊದಲನೇ ಪ್ರಶ್ನೆಗೆ. ಗಾಳಿಗೆ ಎಷ್ಟು ಕೊಳೆ ಬಿತ್ತು ಅನ್ನೋದು ಒಂದು ಲೆಕ್ಕ, ಬಿದ್ದ ಕೊಳೆ ಎಷ್ಟು ಗಾಳೀಲಿ ಕಲಸಿಹೋಯ್ತು ಅನ್ನೋದು ಇನ್ನೊಂದು. ಚಳಿಗಾಲದ ರಾತ್ರಿ ಮೋಡ ಇಲ್ಲದಿದ್ರೆ ನೆಲ ಬೇಗ ತಣ್ಣಗಾಗತ್ತೆ, ನೆಲಕ್ಕಂಟಿದ ಗಾಳಿಯೂ ತಣ್ಣಗಾಗತ್ತೆ, ಅದರ ಮೇಲಿನ ಪದರ ಮಾತ್ರ ಬೆಚ್ಚಗೇ ಉಳಿಯತ್ತೆ. ತಣ್ಣನೆ ಗಾಳಿ ಭಾರ, ಮೇಲೇಳಲ್ಲ. ಪಾತ್ರೆ ಮೇಲೆ ತಟ್ಟೆ ಮುಚ್ಚಿಟ್ಟ ಹಾಗೆ. ಆ ತಟ್ಟೆ ಕೆಲವು ಬೆಳಗುಗಳಲ್ಲಿ ನೆಲದಿಂದ ನೂರಿನ್ನೂರು ಮೀಟರಿಗೇ ಇಳಿದಿರತ್ತೆ. ಬಿಸಿಲು ನೆಲ ಕಾಯಿಸಿದ ಮೇಲೆ ಅದು ಒಡೆದು, ಮಧ್ಯಾಹ್ನದ ಹೊತ್ತಿಗೆ ಸಾವಿರ ಮೀಟರ್ ದಾಟತ್ತೆ. ಅಷ್ಟೇ ಹೊಗೆ, ಹಲವು ಪಟ್ಟು ಗಾಳಿ.

ಆರು ಗಂಟೆಗೆ ರಸ್ತೆ ಖಾಲಿ ಇದ್ರೂ ನಿನ್ನೆ ರಾತ್ರಿ 9ರ ಟ್ರಾಫಿಕ್ ಹೊಗೆ ಇನ್ನೂ ಅಲ್ಲೇ ಕೂತಿರತ್ತೆ. ಅದರ ಮೇಲೆ ರಾತ್ರಿ ಊರೊಳಗೆ ಬಿಡೋ ಲಾರಿಗಳು, ನಸುಕಿನಲ್ಲಿ ಗುಡಿಸಿ ಹಚ್ಚೋ ಕಸ.

#3 ಅರ್ಧಕಪ್_ಕಾಫಿ · ಬೆ. 7:44

ಅಂದ್ರೆ ಬೆಳಗ್ಗೆ ವಾಕಿಂಗ್ ಹೋಗೋರೆಲ್ಲ ಆ ತಟ್ಟೆ ಮುಚ್ಚಿದ ಪಾತ್ರೆಯೊಳಗೇ ಓಡ್ತಿದಾರೆ!

#4 ಮಾಪಕ · ಬೆ. 7:50

ಹೂಂ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡೋವರೆಗೂ 9 ಗಂಟೆ ಮೇಲೆ ಹೋಗೋದು ವಾಸಿ.

#5 ಸೂಚ್ಯಂಕ_ಶಾಸ್ತ್ರಿ · ಬೆ. 8:15

ಎರಡನೇ ಪ್ರಶ್ನೆ. ಎರಡೂ ಸುಳ್ಳಲ್ಲ. ಪಿಎಂ 2.5, ಅಂದ್ರೆ 2.5 ಮೈಕ್ರಾನಿಗಿಂತ ಸಣ್ಣ ಕಣ, ಘನ ಮೀಟರಿಗೆ 45 ಮೈಕ್ರೋಗ್ರಾಂ ಇದ್ರೆ ನಮ್ಮ ದೇಶದ ಪಟ್ಟಿ ಪ್ರಕಾರ ಎಕ್ಯೂಐ 75, 'ತೃಪ್ತಿಕರ'. ಅಮೆರಿಕದ ಪಟ್ಟಿ ಪ್ರಕಾರ 124, ಸೂಕ್ಷ್ಮ ಆರೋಗ್ಯದವರಿಗೆ ಒಳ್ಳೇದಲ್ಲ. ಒಂದೇ ಗಾಳಿ, ಗೀಟು ಹಾಕಿದ ಜಾಗ ಬೇರೆ. ನಮ್ಮಲ್ಲಿ 30 ಮೈಕ್ರೋಗ್ರಾಂವರೆಗೆ 'ಉತ್ತಮ', 60ರವರೆಗೆ 'ತೃಪ್ತಿಕರ'. ಅಮೆರಿಕದವರು 2024ರಲ್ಲಿ 'ಉತ್ತಮ'ದ ಗೆರೆಯನ್ನ 9ಕ್ಕೆ ಇಳಿಸಿದ್ರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ದಿನದ ಸರಾಸರಿ 15, ವರ್ಷದ ಸರಾಸರಿ 5. ನಮ್ಮ 2009ರ ಮಾನದಂಡ ದಿನಕ್ಕೆ 60, ವರ್ಷಕ್ಕೆ 40.

ಇನ್ನೊಂದು ಕಿತಾಪತಿ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ತೋರಿಸೋದು ಹಿಂದಿನ 24 ಗಂಟೆಯ ಸರಾಸರಿ. ಕನಿಷ್ಠ 16 ಗಂಟೆಯ ಮಾಹಿತಿ ಬೇಕು, ಕನಿಷ್ಠ ಮೂರು ಮಾಲಿನ್ಯಕಾರಕ ಬೇಕು, ಅದರಲ್ಲೊಂದು ಪಿಎಂ 2.5 ಅಥವಾ ಪಿಎಂ 10 (10 ಮೈಕ್ರಾನಿನವರೆಗಿನ ಕಣ) ಆಗಿರಲೇಬೇಕು. ಎಲ್ಲದರ ಸರಾಸರಿ ತೆಗೆಯಲ್ಲ, ಯಾವುದು ಅತಿ ಕೆಟ್ಟದ್ದೋ ಅದರ ಅಂಕಿಯೇ ಎಕ್ಯೂಐ. ಖಾಸಗಿ ಆ್ಯಪ್‌ಗಳು ಬಹುತೇಕ ಈಚಿನ ಕೆಲವು ಗಂಟೆಗಳ ಲೆಕ್ಕ ಕೊಡ್ತವೆ. ನಿಮ್ಮದು ಬೆಳಗ್ಗೆ 150, ಮಧ್ಯಾಹ್ನ 60 ಅಂತ ಕುಣೀತಿದೆ ಅಂದ್ರೆ ಅದು 24 ಗಂಟೆಯದ್ದಲ್ಲ.

ಹೋಲಿಸಬೇಕಂದ್ರೆ ಎಕ್ಯೂಐ ಬಿಟ್ಟು ಮೈಕ್ರೋಗ್ರಾಂ ಅಂಕಿ ನೋಡಿ.

#6 ಧೂಳಪ್ಪ · ಬೆ. 8:32

ಇಷ್ಟೆಲ್ಲ ಯಾಕೆ? ಬೆಂಗಳೂರಿನ ಸಮಸ್ಯೆ ಧೂಳು ಸ್ವಾಮಿ, ಧೂಳು. ಲೆಕ್ಕ ಹಾಕಿ ತೋರಿಸ್ತೀನಿ.

ಡಾಂಬರು ರಸ್ತೆಯಿಂದ ಏಳೋ ಧೂಳಿಗೆ ಅಮೆರಿಕದ ಪರಿಸರ ಇಲಾಖೆಯ ಸೂತ್ರ ಇದೆ, ಇಲ್ಲಿನ ಅಧ್ಯಯನಗಳೂ ಅದನ್ನೇ ಬಳಸ್ತವೆ. ಬೇಕಾಗಿರೋದು ಎರಡೇ. ಒಂದು ಚದರ ಮೀಟರ್ ರಸ್ತೆ ಮೇಲೆ 75 ಮೈಕ್ರಾನಿಗಿಂತ ಸಣ್ಣ ಮಣ್ಣು ಎಷ್ಟು ಗ್ರಾಂ ಇದೆ, ಗಾಡಿಯ ತೂಕ ಎಷ್ಟು ಟನ್. ಮಣ್ಣು 1 ಗ್ರಾಂ, ತೂಕ 2 ಟನ್ ಅಂದ್ರೆ ಒಂದು ಕಿಲೋಮೀಟರಿಗೆ ಸುಮಾರು 1.4 ಗ್ರಾಂ ಪಿಎಂ 10 ಏಳತ್ತೆ. ಭಾರತ್ ಸ್ಟೇಜ್ 6, ಅಂದ್ರೆ ಬಿಎಸ್ 6 ಹೊಗೆ ನಿಯಮದ ಡೀಸೆಲ್ ಕಾರಿನ ಹೊಗೆಕೊಳವೆಗೆ ಕಣದ ಮಿತಿ ಕಿಲೋಮೀಟರಿಗೆ 4.5 ಮಿಲಿಗ್ರಾಂ. ಮುನ್ನೂರು ಪಟ್ಟು ವ್ಯತ್ಯಾಸ! ಎಲೆಕ್ಟ್ರಿಕ್ ಕಾರು ತಗೊಂಡ್ರೂ ಬ್ಯಾಟರಿ ತೂಕಕ್ಕೆ ಇನ್ನೂ ಸ್ವಲ್ಪ ಜಾಸ್ತಿನೇ ಏಳತ್ತೆ.

#7 ಸೂಚ್ಯಂಕ_ಶಾಸ್ತ್ರಿ · ಬೆ. 8:51

ಸೂತ್ರ ಸರಿ, ಬಳಸಿದ್ದು ತಪ್ಪು. ಅದರಲ್ಲಿ ಹಾಕಬೇಕಾದ ತೂಕ ನಿಮ್ಮ ಕಾರಿನದ್ದಲ್ಲ, ಆ ರಸ್ತೇಲಿ ಓಡೋ ಎಲ್ಲ ಗಾಡಿಗಳ ಸರಾಸರಿ. ಸ್ಕೂಟರೇ ತುಂಬಿರೋ ರಸ್ತೇಲಿ ಅದು 2 ಟನ್ ಬರಲ್ಲ. ಎರಡನೇದು, ಪಿಎಂ 10 ತಗೊಂಡು ಕೂತಿದೀರಿ. ಅದೇ ಲೆಕ್ಕದಲ್ಲಿ ಪಿಎಂ 2.5 ಕಾಲು ಭಾಗಕ್ಕಿಂತ ಕಮ್ಮಿ, ಸುಮಾರು 0.33 ಗ್ರಾಂ. ಮೂರನೇದು, ದಪ್ಪ ಕಣ ದೂರ ಹೋಗಲ್ಲ, ಬಹಳಷ್ಟು ರಸ್ತೆ ಅಂಚಲ್ಲೇ ಕೂರತ್ತೆ. ಹೊಗೆಯ ಕಣ ದಿನಗಟ್ಟಲೆ ತೇಲತ್ತೆ.

#8 ಧೂಳಪ್ಪ · ಬೆ. 8:58

ಸರಾಸರಿ ತೂಕದ ಮಾತು ಒಪ್ಪಿದೆ. ಆದ್ರೆ 0.33 ಗ್ರಾಂ ಅಂದ್ರೂ 4.5 ಮಿಲಿಗ್ರಾಂಗೆ ಎಪ್ಪತ್ತು ಪಟ್ಟಿಗಿಂತ ಜಾಸ್ತಿ ಆಯ್ತಲ್ಲ?

#9 ಡೀಸೆಲ್_ಮೇಸ್ತ್ರಿ · ಬೆ. 9:20

4.5 ಮಿಲಿಗ್ರಾಂ ಹೊಸ ಗಾಡಿ, ಫಿಲ್ಟರ್ ನೆಟ್ಟಗಿದ್ದಾಗ. ಬಿಎಸ್ 6 ಬಂದಿದ್ದು 2020ರ ಏಪ್ರಿಲ್ 1ಕ್ಕೆ. ಬಿಎಸ್ 4 ಡೀಸೆಲ್ ಕಾರಿಗೆ ಮಿತಿ 25 ಮಿಲಿಗ್ರಾಂ ಇತ್ತು, ಅದರ ಹಿಂದಿನವಕ್ಕೆ ಇನ್ನೂ ಹೆಚ್ಚು. ಹಳೇ ಟೆಂಪೊ, ನೀರಿನ ಟ್ಯಾಂಕರ್, ಕಾಂಕ್ರೀಟ್ ಮಿಕ್ಸರ್ ಎಲ್ಲ ರಸ್ತೇಲೇ ಇವೆಯಲ್ಲ.

ಬಿಎಸ್ 6ರದ್ದೂ ಊರೊಳಗೆ ಬೇರೆ ಪಾಡು. ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಗ್ಯಾರೇಜಲ್ಲಿ ಡಿಪಿಎಫ್ ಅಂತೀವಿ, ಮಸಿ ಹಿಡಿದಿಟ್ಕೊಳತ್ತೆ. ತುಂಬಿದಾಗ 600 ಡಿಗ್ರಿ ಹತ್ತಿರ ಕಾಯಿಸಿ ಮಸಿ ಸುಡಬೇಕು. ಅದಕ್ಕೆ ಹದಿನೈದಿಪ್ಪತ್ತು ನಿಮಿಷ ನಿಲ್ಲದೆ ಒಂದೇ ವೇಗದಲ್ಲಿ ಓಡಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅದಾಗತ್ತಾ? ಅರ್ಧ ಸುಟ್ಟು ನಿಲ್ಲತ್ತೆ. ಕಾಯಿಸೋಕೆ ಅಂತ ಹೆಚ್ಚುವರಿ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ಆಯಿಲ್‌ಗೆ ಸೇರತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯೋ ಬದಲು ಏರಿದ್ರೆ ಅದೇ ಲಕ್ಷಣ. ಮೂರ್ನಾಲ್ಕು ಸಲ ಹೀಗಾದ ಮೇಲೆ ಫಿಲ್ಟರ್ ಕಟ್ಟಿ ಗಾಡಿ ಎಳೆಯಲ್ಲ. ಹೊಸದರ ಬೆಲೆ ಕೇಳಿ ಗಾಬರಿಯಾಗಿ ಕೆಲವರು ಒಳಗಿನ ಜೇನುಗೂಡಿನಂಥ ಜಾಲರಿಯನ್ನೇ ಒಡೆದು ಖಾಲಿ ಡಬ್ಬ ಕೂರಿಸ್ತಾರೆ. ಅಲ್ಲಿಗೆ ಬಿಎಸ್ 6 ಅನ್ನೋದು ಆರ್‌ಸಿ ಪುಸ್ತಕದಲ್ಲಿ ಮಾತ್ರ.

#10 ಪೀಣ್ಯದವ · ಬೆ. 9:26

ಖಾಲಿ ಡಬ್ಬದ ಗಾಡಿ ಎಮಿಷನ್ ಟೆಸ್ಟಲ್ಲಿ ಸಿಕ್ಕಿಬೀಳಲ್ವಾ?

#11 ಡೀಸೆಲ್_ಮೇಸ್ತ್ರಿ · ಬೆ. 9:48

ಬೀಳಲ್ಲ, ಅದೇ ತೊಂದರೆ. ಡೀಸೆಲ್‌ಗೆ ಮಾಡೋದು ಹೊಗೆ ಎಷ್ಟು ಕಪ್ಪಗಿದೆ ಅನ್ನೋ ಪರೀಕ್ಷೆ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಹೊಗೆ ಎಷ್ಟು ಬೆಳಕು ತಡೀತು ಅಂತ ನೋಡ್ತಾರೆ. ಆ ಮಿತಿ ಸಡಿಲ. ಒಡೆದ ಫಿಲ್ಟರ್ ಇದ್ರೂ ಕಣ್ಣಿಗೆ ಕಾಣದಷ್ಟು ಸಣ್ಣ ಮಸಿ ಹಾದುಹೋಗತ್ತೆ, ಸರ್ಟಿಫಿಕೇಟ್ ಬರತ್ತೆ. ನೆದರ್ಲೆಂಡ್ಸ್ ಮತ್ತು ಜರ್ಮನಿಯವರು ಇದೇ ಕಾರಣಕ್ಕೆ 2023ರಿಂದ ಕಣಗಳನ್ನ ಎಣಿಸೋ ಪರೀಕ್ಷೆ ತಂದ್ರು.

ಪೆಟ್ರೋಲ್‌ಗೆ ನೋಡೋದು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್. ನೈಟ್ರೋಜನ್ ಆಕ್ಸೈಡ್ ಎರಡರಲ್ಲೂ ಅಳೆಯಲ್ಲ. ಅಳತೆ ಕೊಳವೆಯನ್ನ ಸೈಲೆನ್ಸರ್ ಒಳಗೆ ಒಂದಡಿ ತೂರಿಸಬೇಕು, ಬಾಯಲ್ಲೇ ಹಿಡಿದ್ರೆ ಹೊರಗಿನ ಗಾಳಿ ಬೆರೆತು ರೀಡಿಂಗ್ ಇಳಿಯತ್ತೆ. ಸೈಲೆನ್ಸರ್ ತೂತಾಗಿದ್ರೂ ಅಷ್ಟೇ.

ಕಾರ್ಬುರೇಟರ್ ಇರೋ ಹಳೇ ಸ್ಕೂಟರ್ ಫೇಲ್ ಆದ್ರೆ ಮೊದಲು ಏರ್ ಫಿಲ್ಟರ್ ನೋಡಿ. ಅದು ಕಟ್ಟಿದ್ರೆ ಗಾಳಿ ಸಾಲದೆ ಪೆಟ್ರೋಲ್ ಜಾಸ್ತಿಯಾಗಿ ಮಾನಾಕ್ಸೈಡ್ ಏರತ್ತೆ. ಆಮೇಲೆ ಪ್ಲಗ್, ಕೊನೆಗೆ ಐಡ್ಲಿಂಗ್ ಸ್ಕ್ರೂ. ಎಂಜಿನ್ ಬಿಸಿಯಾಗದೆ ಪರೀಕ್ಷೆಗೆ ಕೊಡಬೇಡಿ.

#12 ಅರ್ಧಕಪ್_ಕಾಫಿ · ಬೆ. 9:55

ಹೊಗೆಯ ನೈಟ್ರೋಜನ್ ಆಕ್ಸೈಡ್ ಇಳಿಸೋಕೆ ಡೀಸೆಲ್ ಗಾಡಿಗೆ ಹಾಕೋ ಆ್ಯಡ್‌ಬ್ಲೂ ದ್ರವದ ಬದಲು ಗೊಬ್ಬರದ ಯೂರಿಯಾ ನೀರಲ್ಲಿ ಕಲಸಿ ಹಾಕಿದ್ರೂ ನಡೆಯತ್ತೆ ಅಂತಾರಲ್ಲ ಲಾರಿಯವರು?

#13 ಡೀಸೆಲ್_ಮೇಸ್ತ್ರಿ · ಬೆ. 10:02

ನಡೆಯತ್ತೆ, ಸ್ವಲ್ಪ ದಿನ. ಆ್ಯಡ್‌ಬ್ಲೂ ಅಂದ್ರೆ 32.5% ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರತ್ತೆ, ಬೇರೆ ಕಲ್ಮಶಗಳೂ ಇರ್ತವೆ. ನಾಝಲ್‌ನಲ್ಲಿ ಬಿಳಿ ಹರಳು ಕಟ್ಟಿ, ಕೆಟಲಿಸ್ಟ್ ಹಾಳಾಗತ್ತೆ. ನೂರು ಉಳಿಸೋಕೆ ಹೋಗಿ ಲಕ್ಷ ಕಳ್ಕೊಳೋ ಕೆಲಸ.

#14 ಕಲಬುರ್ಗಿ_ಬಿಸ್ಲು · ಬೆ. 10:30

ನೀವು ಬರೀ ಬೆಂಗಳೂರು ಬೆಂಗಳೂರು ಅಂತೀರಿ. ರಾಷ್ಟ್ರೀಯ ಶುದ್ಧ ಗಾಳಿ ಯೋಜನಾದಾಗ ನಮ್ಮ ರಾಜ್ಯದ ನಾಕು ಊರು ಅವ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರಿ, ಕಲಬುರಗಿ.

ನಮ್ಮ ಕಡಿ ಕಥಿನೇ ಬ್ಯಾರೆ ಅದ ನೋಡ್ರಿ. ಮಳಿ ನಿಂತ ಮ್ಯಾಲ ಟ್ರ್ಯಾಕ್ಟರ್ ಗಾಲಿಗೆ ಎರಿಮಣ್ಣು ಮೆತ್ಕೊಂಡು ಡಾಂಬರ್ ರೋಡಿಗೆ ಬರ್ತದ. ಒಣಗಿ ಹೆಂಟಿ ಆಗ್ತದ, ಲಾರಿ ಹಾಯ್ದು ಹಿಟ್ಟಿನಂಗ ಪುಡಿ ಆಗ್ತದ. ಶಹಾಬಾದ ಕಡಿ ಫರಸಿ ಪಾಲಿಶ್ ಮಾಡುವಾಗ ನೀರು ಬಿಡ್ತಾರ, ಧೂಳು ಏಳಂಗಿಲ್ಲ. ಆದ್ರ ಆ ರಾಡಿ ರೋಡಿನ ಬಾಜೂಕ ಸುರೀತಾರ, ಎಂಟು ದಿನದಾಗ ಒಣಗಿ ಬಿಳಿ ಪೌಡರ್. ಸಿಮೆಂಟ್ ಫ್ಯಾಕ್ಟರಿ ಚಿಮಣಿಗೆ ಬ್ಯಾಗ್ ಫಿಲ್ಟರ್ ಇರ್ತದ, ಅಳತಿ ಯಂತ್ರನೂ ಇರ್ತದ. ತಾಡಪತ್ರಿ ಇಲ್ಲದ ಓಡಾಡು ಲಾರಿಗಿ ಯಾರ ಅಳತಿ ಮಾಡ್ಯಾರ? ಬ್ಯಾಳಿ ಮಿಲ್ಲಿನ ಹೊಟ್ಟಿನ ಧೂಳು ಬ್ಯಾರೆ. ಗಾಳಿ ಸುತ್ತಿಸಿ ಹೊಟ್ಟು ಕೆಳಗ ಬೀಳಸು ಸೈಕ್ಲೋನ್ ಯಂತ್ರ ಹಾಕಿರ್ತಾರ, ಕೆಳಗಿನ ಮುಚ್ಚಳ ಸಡ್ಲ ಬಿಟ್ಟಿರ್ತಾರ. ಗಾಳಿ ಕೆಳಗಿಂದ ಒಳಗ ಎಳದ್ರ ಹೊಟ್ಟು ಕೆಳಗ ಬೀಳಂಗಿಲ್ಲ, ಮ್ಯಾಲ ಹಾರ್ತದ.

#15 ಧೂಳಪ್ಪ · ಬೆ. 10:36

ಕೇಳಿ, ಕಲಬುರಗಿಯವರು ನನ್ನ ಪಕ್ಷ.

#16 ಕಲಬುರ್ಗಿ_ಬಿಸ್ಲು · ಬೆ. 10:41

ಯಾರ ಪಕ್ಷನೂ ಅಲ್ರಿ. ಊರಿಗೊಂದು ಧೂಳು ಅಂದೆ ಅಷ್ಟ.

#17 ಹೊಂಗೆ_ನೆರಳು · ಬೆ. 11:15

ಧೂಳು ಹೊಗೆ ಅಂತ ಗೆರೆ ಹೊಡೆಯೋದೇ ತಪ್ಪು. ಮೂರನೇದೊಂದಿದೆ, ಯಾರೂ ಉಗುಳದೇ ಗಾಳೀಲೇ ಹುಟ್ಟೋ ಕಣ. ಗಾಡಿಯ ನೈಟ್ರೋಜನ್ ಆಕ್ಸೈಡು, ಕಲ್ಲಿದ್ದಲು ಸುಟ್ಟ ಸಲ್ಫರ್ ಡೈಆಕ್ಸೈಡು, ಚರಂಡಿ ಮತ್ತು ಕೊಟ್ಟಿಗೆಯ ಅಮೋನಿಯ ಸೇರಿ ಅಮೋನಿಯಂ ನೈಟ್ರೇಟ್, ಸಲ್ಫೇಟ್ ಆಗತ್ತೆ. ಎಲ್ಲ ಪಿಎಂ 2.5ರ ಗಾತ್ರದ್ದೇ. ಹೊಗೆಕೊಳವೆಯ ಮಸಿ ಮಾತ್ರ ಎಣಿಸಿದ್ರೆ ಗಾಡಿಯ ಪಾಲು ಕಮ್ಮಿ ಕಾಣತ್ತೆ, ಅದರ ಅನಿಲದಿಂದ ಆಮೇಲೆ ಹುಟ್ಟಿದ ಕಣ ಯಾರ ಖಾತೆಗೆ?

ಮತ್ತೆ, ತೂಕ ಒಂದೇ ಅಂತ ವಿಷವೂ ಒಂದೇ ಅಲ್ಲ. ಡೀಸೆಲ್ ಹೊಗೆಯನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2012ರಲ್ಲೇ ಕ್ಯಾನ್ಸರ್‌ಕಾರಕ ಅಂತ ಒಂದನೇ ಗುಂಪಿಗೆ ಸೇರಿಸಿದಾರೆ.

#18 ಮಡಿವಾಳ_ಮಹಡಿ · ಬೆ. 11:22

ಜಗಳ ಚೆನ್ನಾಗಿದೆ, ಆದ್ರೆ ಭಾನುವಾರ ನಾನು ಏನು ಹೇಳಲಿ? ಟವರ್ ಕೇಳೋರಿಗೆ ಏನಾದ್ರೂ ಉತ್ತರ ಕೊಡಿ ಮೊದಲು.

#19 ಮಾಪಕ · ಬೆ. 11:40

ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ 2021ರ ಆಗಸ್ಟಲ್ಲಿ ಶುರು ಮಾಡಿದ್ದು ಸೆಕೆಂಡಿಗೆ 1000 ಘನ ಮೀಟರ್ ಗಾಳಿ ಸೋಸೋ ಹಾಗೆ ಕಟ್ಟಿದ್ದು. ದಿನಕ್ಕೆ 8.64 ಕೋಟಿ ಘನ ಮೀಟರ್. ಬೆಂಗಳೂರು ಸುಮಾರು 710 ಚದರ ಕಿಲೋಮೀಟರ್, 500 ಮೀಟರ್ ಎತ್ತರದವರೆಗೆ ಗಾಳಿ ಹಿಡಿದ್ರೆ 35,500 ಕೋಟಿ ಘನ ಮೀಟರ್. ಒಂದು ಟವರ್ ಇಡೀ ಊರಿನ ಗಾಳಿಯನ್ನ ಒಂದು ಸಲ ಸೋಸೋಕೆ 4,100 ದಿನ, ಹನ್ನೊಂದು ವರ್ಷ ಬೇಕು. ಅಷ್ಟರಲ್ಲಿ ಗಾಳಿ ನಿಂತಲ್ಲೇ ನಿಂತಿರತ್ತಾ?

#20 ಕಡಲತಡಿ · ಬೆ. 11:46

ನಮ್ಮಲ್ಲಿ ಟವರೂ ಬೇಡ, ಎಂಥದ್ದೂ ಬೇಡ ಮಾರಾಯ್ರೆ. ಮಧ್ಯಾಹ್ನ ಕಡಲ ಗಾಳಿ ಬಂತು ಅಂದ್ರೆ ಎಲ್ಲ ಒಳಗಡೆಗೆ ಹೋಯ್ತು.

#21 ಅರ್ಧಕಪ್_ಕಾಫಿ · ಬೆ. 11:48

ಒಳಗಡೆ ಅಂದ್ರೆ ಘಟ್ಟದ ಕಡೆಗೆ ತಳ್ತೀರಿ ಅಂತಾಯ್ತು. ಒಳ್ಳೇ ನೆರೆಹೊರೆ.

#22 ಹೊಂಗೆ_ನೆರಳು · ಬೆ. 12:05

ಗಿಡ ನೆಡೋದರ ಬಗ್ಗೆ. ಹೆಸರು ಹೊಂಗೆ ಇಟ್ಕೊಂಡು ಇದನ್ನ ಹೇಳೋಕೆ ಬೇಜಾರು. ಎಲೆ ಮೇಲೆ ಕಣ ಕೂರೋದು ನಿಜ, ಆದ್ರೆ ಊರಿನ ಪಿಎಂ 2.5 ಇಳಿಯೋದು ಶೇಕಡಾ ಕೆಲವೇ ಕೆಲವು. ಎರಡೂ ಕಡೆ ಎತ್ತರದ ಕಟ್ಟಡ ಇರೋ ಇಕ್ಕಟ್ಟು ರಸ್ತೇಲಿ ಕೊಂಬೆಗಳು ಮೇಲೆ ಕೂಡಿಕೊಂಡ್ರೆ ಕೆಳಗಿನ ಹೊಗೆ ಹೊರಗೆ ಹೋಗೋಕೂ ಜಾಗ ಇರಲ್ಲ. ಅಂಥಲ್ಲಿ ಸೊಂಟದೆತ್ತರದ ದಟ್ಟ ಬೇಲಿ ಗಿಡ ವಾಸಿ. ಮರ ನೆಡಿ, ನೆರಳಿಗೆ ನೆಡಿ. ಗಾಳಿಗೆ ಮದ್ದು ಅಂತ ಅಲ್ಲ.

#23 ವಾರ್ಡ್_ಕಮಿಟಿ · ಮ. 1:10

ನೀರು ಹೊಡೆಸೋದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಎಲ್ಲರೂ ಎಡವೋದು ಇಲ್ಲೇ.

ನೀರು ಧೂಳನ್ನ ಕೂರಿಸತ್ತೆ, ತೆಗೆಯಲ್ಲ. ಬೇಸಗೇಲಿ ಒಂದೆರಡು ಗಂಟೇಲಿ ಒಣಗಿ ಅದೇ ಮಣ್ಣು ಮತ್ತೆ ಏಳತ್ತೆ. ಮಣ್ಣು ರಸ್ತೆಗೆ ಬರೋ ದಾರಿ ಮುಚ್ಚಬೇಕು. ಬಡಾವಣೇಲಿ ಆ ದಾರಿಗಳು ನಾಲ್ಕೇ:

ಚರಂಡಿ ಹೂಳು. ಎತ್ತಿ ಪಕ್ಕದಲ್ಲೇ ರಾಶಿ ಹಾಕ್ತಾರೆ. ಹಸಿ ಹೂಳು ಭಾರ, ಲಾರೀಲಿ ಸೋರತ್ತೆ ಅಂತ ಒಣಗೋಕೆ ಬಿಡ್ತಾರೆ. ಒಣಗೋ ಹೊತ್ತಿಗೆ ಅರ್ಧ ರಸ್ತೆಗೆ ಹರಡಿರತ್ತೆ. ಕೆಲಸ ಶುರುವಾಗೋ ಮುಂಚೆಯೇ ಹೂಳು ಎತ್ತಿದ ದಿನವೇ ಸಾಗಿಸಬೇಕು ಅಂತ ಬರೆಸಿಕೊಳ್ಳಿ. ಆಗದಿದ್ರೆ ಗೋಣಿಚೀಲಕ್ಕೆ ತುಂಬಿಸಿ, ನೀರು ಬಸೀತದೆ, ಮಣ್ಣು ಉಳೀತದೆ.

ಅಗೆದ ರಸ್ತೆ. ಕೇಬಲ್ಲು, ನೀರಿನ ಪೈಪಿಗೆ ಅಗೆದು ಮಣ್ಣು ಮುಚ್ಚಿ ಹೋಗ್ತಾರೆ. ಒಂದಡಿ ಅಗಲದ ಕಾಲುವೆ ಇಡೀ ರಸ್ತೆಗೆ ತಿಂಗಳುಗಟ್ಟಲೆ ಮಣ್ಣು ಒದಗಿಸತ್ತೆ. ತಾತ್ಕಾಲಿಕವಾಗಿಯಾದ್ರೂ ಜಲ್ಲಿ ಹಾಕಿ ದಮ್ಮಸು ಮಾಡಿಸಿ.

ಡಾಂಬರಿನ ಅಂಚು. ಡಾಂಬರು ಮುಗಿದು ಫುಟ್‌ಪಾತ್ ಶುರುವಾಗೋ ನಡುವಿನ ಎರಡಡಿ ಮಣ್ಣು. ಅಲ್ಲಿಗೆ ಇಂಟರ್‌ಲಾಕ್ ಕಲ್ಲು ಹಾಸಿ, ಇಲ್ಲಾ ಹುಲ್ಲು ಬೆಳೆಸಿ.

ಎಂ-ಸ್ಯಾಂಡ್ ರಾಶಿ. ಹೊಳೆ ಮರಳಲ್ಲಿ 75 ಮೈಕ್ರಾನಿಗಿಂತ ಸಣ್ಣ ಪುಡಿ ಶೇ 3 ಮೀರಬಾರದು, ಕಲ್ಲು ಅರೆದ ಮರಳಿಗೆ ಶೇ 15ರವರೆಗೆ ಬಿಡುವಿದೆ. ಅಂದ್ರೆ ಒಂದು ಟನ್ ರಾಶೀಲಿ 150 ಕಿಲೋವರೆಗೆ ಹಾರೋ ಪುಡಿ ಇರಬಹುದು. ಟಾರ್ಪಾಲಿನ್ ಹೊದಿಸಿ, ಗಾಳಿ ಬರೋ ಕಡೆ ತಗಡು ನಿಲ್ಲಿಸಿ. ಹಸಿರು ಬಲೆ ಕಟ್ಟಿದ್ರೆ ಸಾಕು ಅಂದ್ಕೋತಾರೆ, ಅದು ಮೇಲಿಂದ ಬೀಳೋ ತುಣುಕಿಗೆ, ಪುಡಿಗಲ್ಲ.

ಯಂತ್ರದಿಂದ ಗುಡಿಸೋ ಗಾಡಿ ಬಂದ್ರೆ ಮುಂದಿನ ನೀರಿನ ನಾಝಲ್ ಚಿಮುಕಿಸ್ತಿದೆಯಾ ನೋಡಿ. ನೀರು ಖಾಲಿಯಾದ ಗಾಡಿ ಮಣ್ಣು ನುಂಗೋದಕ್ಕಿಂತ ಎಬ್ಬಿಸೋದೇ ಜಾಸ್ತಿ.

#24 ಧೂಳಪ್ಪ · ಮ. 1:18

ಚಿನ್ನದಂಥಾ ಮಾತು 👏

#25 ಸೂಚ್ಯಂಕ_ಶಾಸ್ತ್ರಿ · ಮ. 1:35

ಒಳ್ಳೇ ಪಟ್ಟಿ, ಆದ್ರೆ ಇದಷ್ಟೂ ಇಳಿಸೋದು ಹೆಚ್ಚಾಗಿ ಪಿಎಂ 10. 2019ರ ರಾಷ್ಟ್ರೀಯ ಯೋಜನೆಯಲ್ಲೂ ಊರುಗಳ ಸಾಧನೆ ಅಳೆಯೋದು ಪಿಎಂ 10ರಲ್ಲೇ, ಹಾಗಾಗಿ ದುಡ್ಡು ಬಹುಪಾಲು ಗುಡಿಸೋ ಗಾಡಿಗೂ ನೀರಿನ ಲಾರಿಗೂ ಹರೀತು. ಶ್ವಾಸಕೋಶದ ತುದಿಗೆ ಇಳಿಯೋದು 2.5. ಆ ಕಡೆ ಬಡಾವಣೆ ಏನು ಮಾಡಬಹುದು ಹೇಳಿ.

#26 ಸೊಪ್ಪಿನಬೆಟ್ಟ · ಮ. 2:20

ಬೆಂಕಿ ಆರಿಸಬಹುದು.

ಒಂದು ಕಿಲೋ ಬೆರಕೆ ಕಸ ಬೀದೀಲಿ ಸುಟ್ರೆ ಸುಮಾರು 10 ಗ್ರಾಂ ಪಿಎಂ 2.5. ಮಿತಿಯೊಳಗೆ ಓಡೋ ಬಿಎಸ್ 6 ಡೀಸೆಲ್ ಕಾರು ಅಷ್ಟು ಮಸಿ ಬಿಡೋಕೆ 2,200 ಕಿಲೋಮೀಟರ್ ಓಡಬೇಕು. ಅದೂ ಸುಡೋದು ನಸುಕಿನಲ್ಲಿ, #2ರಲ್ಲಿ ಹೇಳಿದ ತಟ್ಟೆ ಕೆಳಗೆ, ಮೂಗಿನ ಎತ್ತರದಲ್ಲಿ. ಕಸದಲ್ಲಿ ಪಿವಿಸಿ ತುಂಡಿದ್ರೆ ಡಯಾಕ್ಸಿನ್ ಅನ್ನೋ ವಿಷ ಬೇರೆ.

ದಂಡ ಇದೆ. ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಲ್ಲಿ ಬಯಲಲ್ಲಿ ಕಸ ಸುಟ್ರೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ಅಂತ ಹೇಳಿತ್ತು. ಆದ್ರೆ ಪೌರಕಾರ್ಮಿಕರಿಗೆ ದಂಡ ಹಾಕಿಸೋಕೆ ಹೋಗಬೇಡಿ. ಒಣಗಿದೆಲೆಯನ್ನ ಕಸದ ಆಟೋ ತಗೊಳಲ್ಲ, ಗುಡಿಸಿದ ರಾಶಿ ಎಲ್ಲಿ ಹಾಕಬೇಕು ಅವರು? ಜಾಗ ಮಾಡಿಕೊಡಿ.

ಜಾಲರಿ ಪಂಜರ: ಮೂರಡಿ ಅಗಲ, ಮೂರಡಿ ಉದ್ದ, ನಾಲ್ಕಡಿ ಎತ್ತರ, ನೆಲ ಮಣ್ಣಿನದ್ದೇ ಇರಲಿ. ಒಂದಡಿ ಎಲೆ, ಮೇಲೆ ಒಂದು ಬಕೆಟ್ ಸಗಣಿ ಬಗ್ಗಡ ಇಲ್ಲಾ ಹುಳಿ ಮಜ್ಜಿಗೆ, ಮತ್ತೆ ಎಲೆ. ಒಣಗಿದೆಲೇಲಿ ಸಾರಜನಕ ಕಮ್ಮಿ, ಬಗ್ಗಡ ಹಾಕದಿದ್ರೆ ವರ್ಷ ಆದ್ರೂ ಕರಗಲ್ಲ. ತೇವ ಹಿಂಡಿದ ಬಟ್ಟೆಯಷ್ಟು. ಹದಿನೈದು ದಿನಕ್ಕೊಮ್ಮೆ ತಿರುವಿ. ಹೊಂಗೆ, ಮಳೆಮರದ ಎಲೆ ಬೇಗ ಕರಗತ್ತೆ, ಮಾವು ಹಲಸಿನ ಎಲೆ ತಡ, ಕತ್ತರಿಸಿ ಹಾಕಿ. ವಾಸನೆ ಬಂತು ಅಂದ್ರೆ ನೀರು ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ.

#27 ಅರ್ಧಕಪ್_ಕಾಫಿ · ಮ. 2:31

ಹುಳಿ ಮಜ್ಜಿಗೆನಾ! ಮಜ್ಜಿಗೆಹುಳಿಗೆ ಏನು ಉಳಿಸ್ತೀರಿ?

#28 ಸೊಪ್ಪಿನಬೆಟ್ಟ · ಮ. 2:36

ಮೂರು ದಿನದ್ದು ಹಾಕಿ ಸಾರ್, ನಿಮ್ಮ ತಟ್ಟೆಗೆ ಬರೋದಲ್ಲ ಅದು.

ಇನ್ನೊಂದು ಬೆಂಕಿ ಬಿಟ್ಟೋಯ್ತು. ಹಂಡೆ ಒಲೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲ ಆಯ್ತು, ಸ್ನಾನದ ನೀರಿಗೆ ಇನ್ನೂ ಸೌದೆ, ರಟ್ಟು, ಹಳೇ ಪ್ಲೈವುಡ್ಡು. ಪ್ಲೈವುಡ್ಡಿನ ಅಂಟು ಸುಟ್ಟಾಗ ಬರೋ ಹೊಗೆ ಕಣ್ಣು ಉರಿಸತ್ತೆ. 20 ಲೀಟರ್ ನೀರು 22 ಡಿಗ್ರಿಯಿಂದ 42ಕ್ಕೆ ಕಾಯೋಕೆ ಬೇಕಿರೋದು ಅರ್ಧ ಯೂನಿಟ್ ಕರೆಂಟು ಅಷ್ಟೇ. ಸೌದೆನೇ ಗತಿ ಅನ್ನೋರು ಟಾಟಾ ವಿಜ್ಞಾನ ಮಂದಿರದವರ ಅಸ್ತ್ರ ಒಲೆ ಥರ ಹೊಗೆಕೊಳವೆ ಇರೋ ಒಲೆ ಕಟ್ಟಿಸಲಿ, ಸೌದೆ ಸಣ್ಣಗೆ ಸೀಳಿ ಪೂರ್ತಿ ಒಣಗಿಸಿ ಉರಿಸಲಿ. ಹಸಿ ಸೌದೆಗೇ ಹೊಗೆ ಜಾಸ್ತಿ.

#29 ಪೀಣ್ಯದವ · ಮ. 3:05

ಅಪಾರ್ಟ್‌ಮೆಂಟ್ ಜನರೇಟರ್ ಮರೀಬೇಡಿ. ಅದರ ಸಾಮರ್ಥ್ಯ 160 ಕೆವಿಎ ಇದ್ರೆ ಹೊಗೆಕೊಳವೆ ಕಟ್ಟಡದ ನೆತ್ತಿಗಿಂತ ಎರಡೂವರೆ ಮೀಟರ್ ಮೇಲೆ ಇರಬೇಕು. ಕೆವಿಎಯ ವರ್ಗಮೂಲವನ್ನ 0.2ರಿಂದ ಗುಣಿಸಿ ಕಟ್ಟಡದ ಎತ್ತರಕ್ಕೆ ಕೂಡಿಸೋದು ನಿಯಮ. ಎಷ್ಟೋ ಕಡೆ ಮೊದಲ ಮಹಡಿಯ ಕಿಟಕಿ ಪಕ್ಕ ಬಾಯಿ ಬಿಟ್ಟಿರತ್ತೆ.

ದೊಡ್ಡ ಜನರೇಟರ್ ಹಾಕಿ ರಾತ್ರಿ ಬರೀ ಲಿಫ್ಟು, ಲೈಟು ಓಡಿಸೋದೂ ತಪ್ಪು. ಲೋಡ್ ಶೇ 30ಕ್ಕಿಂತ ಕೆಳಗೆ ಇದ್ರೆ ಎಂಜಿನ್ ಸರಿಯಾಗಿ ಕಾಯಲ್ಲ, ಡೀಸೆಲ್ ಪೂರ್ತಿ ಉರಿಯಲ್ಲ, ಕೊಳವೆ ಬಾಯಲ್ಲಿ ಕಪ್ಪು ಎಣ್ಣೆ ಜಿನುಗತ್ತೆ. ಸಣ್ಣದೊಂದು ಬೇರೆ ಇಡಿ, ಇಲ್ಲಾ ರಾತ್ರಿ ಲೋಡಿಗೆ ಬ್ಯಾಟರಿ ಇನ್ವರ್ಟರ್ ಹಾಕಿ.

#30 ಮಡಿವಾಳ_ಮಹಡಿ · ಮ. 3:30

ಬೆಂಕಿ ಆರಿಸಿದ ಮೇಲೆ ಕಮ್ಮಿ ಆಯ್ತು ಅಂತ ತೋರಿಸೋದು ಹೇಗೆ? ಆನ್‌ಲೈನಲ್ಲಿ ಸಿಗೋ ಸಣ್ಣ ಮೀಟರ್ ಸಾಕಾ?

#31 ಮಾಪಕ · ಸಂ. 4:15

ಸಾಕು, ಅದರ ಕಣ್ಣಿನ ದೋಷ ಗೊತ್ತಿದ್ರೆ. ಮಂಡಳಿಯ ಕೇಂದ್ರಗಳಲ್ಲಿ ಇರೋದು ಬೀಟಾ ಕಿರಣದ ಯಂತ್ರ. ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆದು, ಕಾಯಿಸಿ ತೇವ ತೆಗೆದು, ಕಾಗದದ ಪಟ್ಟಿ ಮೇಲೆ ಕೂತ ಧೂಳು ಎಷ್ಟು ಬೀಟಾ ಕಿರಣ ತಡೀತು ಅಂತ ನೋಡಿ ತೂಕ ಹೇಳತ್ತೆ. ಸಣ್ಣ ಮೀಟರಲ್ಲಿ ಇರೋದು ಲೇಸರ್, ಪ್ಲಾನ್‌ಟವರ್ ಪಿಎಂಎಸ್ 5003 ಥರದ್ದು. ಕಣದಿಂದ ಚೆದುರಿದ ಬೆಳಕಿನ ಮೇಲೆ ಅಂದಾಜು. ತೇವ ಶೇ 80 ದಾಟಿದ್ರೆ ಕಣ ನೀರು ಕುಡಿದು ಉಬ್ಬತ್ತೆ, ಮಂಜಿನ ಬೆಳಗಲ್ಲಿ ಒಂದೂವರೆ ಎರಡು ಪಟ್ಟು ಹೆಚ್ಚು ತೋರಿಸತ್ತೆ. ನಿಮ್ಮ 150ರಲ್ಲಿ ಸ್ವಲ್ಪ ಮಂಜೂ ಇರಬಹುದು, ಆ ಆ್ಯಪ್ ಯಾವ ಮೀಟರಿಂದ ತಗೊಳತ್ತೆ ನೋಡಿ.

ಅದು ತೋರಿಸೋ ಪಿಎಂ 10 ನಂಬಲೇಬೇಡಿ. ದಪ್ಪ ಕಣ ಆ ಪುಟ್ಟ ಫ್ಯಾನಿಗೆ ಸಿಗಲ್ಲ, 2.5ರಿಂದ ಊಹೆ ಮಾಡತ್ತೆ. ಧೂಳಪ್ಪನವರ ಧೂಳು ಅದರ ಕಣ್ಣಿಗೆ ಬೀಳಲ್ಲ.

ಹೀಗೆ ಮಾಡಿ: ಎರಡು ಮೀಟರ್ ತಗೊಂಡು ಮೂರು ದಿನ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ. ಆಮೇಲೆ ಒಂದು ಕಸ ಸುಡೋ ಜಾಗದ ಹತ್ತಿರ, ಇನ್ನೊಂದು ಬಡಾವಣೆಯ ಆಚೆ ತುದೀಲಿ. ನೆಲದಿಂದ ಎರಡು ಮೂರು ಮೀಟರ್ ಎತ್ತರ, ಬಿಸಿಲು ಮಳೆ ತಾಗದ ಹಾಗೆ, ಅಡುಗೆಮನೆ ಎಕ್ಸಾಸ್ಟಿಂದ ದೂರ. ನೋಡಬೇಕಾದ್ದು ಎರಡರ ನಡುವಿನ ಅಂತರ, ಅಂಕಿ ಅಲ್ಲ. ಮಂಜು ಎರಡಕ್ಕೂ ಒಂದೇ.

#32 ಅರ್ಧಕಪ್_ಕಾಫಿ · ಸಂ. 4:40

ಅಷ್ಟರವರೆಗೆ ಮನೆಯೊಳಗೆ ಏರ್ ಪ್ಯೂರಿಫೈಯರ್ ಇಟ್ರೆ? ಅಯಾನೈಸರ್ ಇರೋದು ಅಂತ ಜಾಹೀರಾತು ಬರ್ತಿದೆ.

#33 ಪೀಣ್ಯದವ · ಸಂ. 4:52

ಅಯಾನೈಸರ್ ಬೇಡ, ಕೆಲವು ಉಸಿರಿಗೆ ಒಳ್ಳೇದಲ್ಲದ ಓಝೋನ್ ಹುಟ್ಟಿಸ್ತವೆ. ಸಣ್ಣ ಕಣ ಹಿಡಿಯೋ ಹೆಪಾ ಫಿಲ್ಟರ್ ಇರೋದು ನೋಡಿ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಅಂದ್ರೆ 41 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಸೋಸಬೇಕು ಅಂದ್ರೆ ಗಂಟೆಗೆ 205 ಘನ ಮೀಟರ್ ಶುದ್ಧ ಗಾಳಿ ಕೊಡೋದು ಬೇಕು. ಡಬ್ಬದ ಮೇಲೆ ಬರೆದಿರೋ ಅಂಕಿ ಅತಿ ಜೋರು ವೇಗದ್ದು, ರಾತ್ರಿ ಸದ್ದಿಲ್ಲದ ವೇಗದಲ್ಲಿ ಅದರ ಅರ್ಧವೂ ಬರಲ್ಲ. ದೊಡ್ಡದು ತಗೊಂಡು ನಿಧಾನ ಓಡಿಸಿ. ಊದುಬತ್ತಿ ಹಚ್ಚಿಟ್ಟು ಪ್ಯೂರಿಫೈಯರ್ ಹಾಕೋದಾದ್ರೆ ದುಡ್ಡು ದಂಡ.

#34 ವಾರ್ಡ್_ಕಮಿಟಿ · ಸಂ. 5:30

ಮಡಿವಾಳದವರೇ, ಸಭೆಗೆ ಬರೀ ಎರಡು ವಿಷಯ ತಗೊಂಡು ಹೋಗಿ: ಎಲೆ ಪಂಜರಕ್ಕೆ ಪಾರ್ಕಿನ ಮೂಲೇಲಿ ಜಾಗ, ಹೂಳು ಎತ್ತಿದ ದಿನವೇ ಸಾಗಿಸೋ ಬರಹ. ಟವರ್ ಕೇಳೋರಿಗೆ #19 ಓದಿಸಿ.

#35 ಧೂಳಪ್ಪ · ಸಂ. 5:38

ಎರಡರಲ್ಲಿ ಒಂದು ಧೂಳಿಂದೇ ಬಂತಲ್ಲ, ನನಗೆ ಸಾಕು.

#36 ಮಡಿವಾಳ_ಮಹಡಿ · ಸಂ. 6:10

ಮೀಟರ್ ಎರಡು ಆರ್ಡರ್ ಮಾಡಿದೆ. ಸಗಣಿಗೆ ಪಕ್ಕದ ಬೀದಿ ಹಾಲಿನವರನ್ನ ಕೇಳಬೇಕು. ಒಂದು ಪಂಜರಕ್ಕೆ ಒಟ್ಟು ಎಷ್ಟು ಬಕೆಟ್ ಬೇಕಾಗಬಹುದು?

#37 ಸೊಪ್ಪಿನಬೆಟ್ಟ · ಸಂ. 6:18

ಅಡಿಗೊಂದು ಅಂದ್ರೂ ನಾಲ್ಕು. ಎಲೆ ಕುಸಿದು ಮತ್ತೆ ತುಂಬ್ತೀರಲ್ಲ, ಆರು ಹಿಡೀರಿ. ಒಂದು ಬಕೆಟ್ ನೀರಿಗೆ ಎರಡು ಮೂರು ಬೊಗಸೆ ಸಗಣಿ ಸಾಕು, ಗಟ್ಟಿ ಬೇಡ.